ಕೈಗೂ ಒಂದು ಪೂರ್ವರಂಗ

ಭರತಮುನಿಯ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯಕ್ಕೆ ಪೂರ್ವರಂಗವೇ ವಿಷಯ. ನಾಟಕವು ಪ್ರೇಕ್ಷಕರ ಎದುರು ತೊಡಗುವುದಕ್ಕೆ ಮೊದಲು ನಡೆಯತಕ್ಕ ವಿಧಿಗಳನ್ನು ಅಲ್ಲಿ ಕ್ರಮವಾಗಿ ಹೇಳಿದೆ. ಅವುಗಳಲ್ಲಿ ಮೊದಲಿನ ಒಂಬತ್ತು ಅಂಗಗಳು ತೆರೆಯ ಹಿಂದೆಯೇ ನಡೆಯಬೇಕಾದವು. ವಾದ್ಯಗಳನ್ನು ತಂದು ತಕ್ಕ ಸ್ಥಾನದಲ್ಲಿ ಇರಿಸುವುದು ಪ್ರತ್ಯಾಹಾರ. ಗಾಯಕರು ತಮ್ಮ ತಮ್ಮ ಎಡೆಯಲ್ಲಿ ಕುಳಿತುಕೊಳ್ಳುವುದು ಅವತರಣ. ತಂತಿಗಳನ್ನು ಮಿಡಿದು ಸರಿಪಡಿಸಿಕೊಳ್ಳುವುದು ಪರಿಘಟ್ಟನಾ. ಕೈಗಳ ಚಲನೆಯನ್ನು ಅಭ್ಯಾಸಮಾಡಿಕೊಳ್ಳುವುದು ಸಂಘೋಟನಾ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಾವು ಈ ಹೆಸರುಗಳನ್ನು ಸಾಲಾಗಿ ಬಾಯಿಪಾಠ ಮಾಡಿದ್ದೆವು. ಅವು ಕಣ್ಣೆದುರು ನಡೆದದ್ದನ್ನು ಕಾಣುವ ಯೋಗ ಮಾತ್ರ ನನಗೆ ಬಹುಕಾಲದ ಮೇಲೆ, ಅದೂ ಒಬ್ಬ ಗಿಟಾರ್ ವಾದಕನ ಸನ್ನಿಧಿಯಲ್ಲಿ ಒದಗಿತು.

ಕನ್ನಡ ಪಂಡಿತನಿಗೂ ಗಿಟಾರಿಗೂ ಏನು ನಂಟು ಎಂದು ವಾಚಕರು ಕೇಳಿದರೆ ತಪ್ಪಲ್ಲ. ಸ್ಮರಣ ಸಂಚಿಕೆಗೆ ನನ್ನಂಥವನಿಂದ ಹಳಗನ್ನಡ ಕಾವ್ಯದ ಮೇಲೊಂದು ಲೇಖನವನ್ನು ನಿರೀಕ್ಷಿಸುವುದು ವಾಡಿಕೆ. ಆದರೆ ಈ ಸಂಚಿಕೆಯನ್ನು ಓದುವವರು ನಮ್ಮ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು. ಈ ಮೂವರಿಗೂ ಸಮಾನವಾಗಿ ಸಲ್ಲುವ ಮಾತೊಂದು ನನ್ನ ಮನಸ್ಸಿನಲ್ಲಿ ಕೆಲವು ವರ್ಷಗಳಿಂದ ಉಳಿದುಕೊಂಡಿದೆ. ಅದನ್ನು ಕಲಿಸಿದವನು ನನ್ನ ಶಿಷ್ಯನೇ ಆದದ್ದರಿಂದ ಹೇಳಿಕೊಳ್ಳಲು ಸಂಕೋಚಕ್ಕಿಂತ ಸಂತೋಷವೇ ಹೆಚ್ಚು.

ಆತ ನಮ್ಮ ಶಾಲೆಯಲ್ಲಿ ಏಳು ವರ್ಷ ಓದಿದವನು. ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ. ಕಾಲೇಜಿಗೆಂದು ಬೆಂಗಳೂರಿಗೆ ಹೋದವನು ಅಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಗಿಟಾರನ್ನು ಕಲಿತು, ಈಗ ಮಕ್ಕಳಿಗೆ ಕಲಿಸುತ್ತ, ಸುಗಮ ಸಂಗೀತದ ತಂಡಗಳಲ್ಲಿ ನುಡಿಸುತ್ತ ಬದುಕು ಕಟ್ಟಿಕೊಂಡಿದ್ದಾನೆ. 2018ರ ಜನವರಿಯ ಜಾತ್ರೆಯ ಸಮಯದಲ್ಲಿ ನಮ್ಮ ರಂಗಮಂದಿರದಲ್ಲಿ ನುಡಿಸಲು ಅವನನ್ನು ಕರೆಸಿದ್ದರು. ಆ ತಿಂಗಳಲ್ಲಿ ನಮ್ಮ ಕಡೆಯ ರಾತ್ರಿಯ ಚಳಿ ಎಂಥದೆಂಬುದು ಎಲ್ಲರಿಗೂ ತಿಳಿದದ್ದೇ. ಕಾರ್ಯಕ್ರಮ ಒಂಬತ್ತು ಗಂಟೆಗೆ. ಆತ ಏಳು ಗಂಟೆಗೇ ಬಂದು ನಮಸ್ಕರಿಸಿ, "ಗುರುಗಳೇ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇದ್ದರೆ ಸಾಕು" ಎಂದ. ಅಧ್ಯಾಪಕರ ಕೊಠಡಿಯ ಬೀಗ ತೆಗೆಸಿಕೊಟ್ಟೆ. ನಾನಿರುವುದರಿಂದ ತೊಂದರೆಯಾಗುವುದೋ ಎಂದು ಕೇಳಿದಾಗ, "ತಾವು ಇರಬೇಕು" ಎಂದು ಕುರ್ಚಿ ಎಳೆದು ಕೊಟ್ಟ.

ಅವನು ಮೊದಲು ಮಾಡಿದ್ದು ಪೆಟ್ಟಿಗೆಯಿಂದ ಗಿಟಾರನ್ನು ತೆಗೆದು ಮೇಜಿನ ಮೇಲೆ ಇಟ್ಟು ಸುಮ್ಮನಿದ್ದದ್ದು. ಕೋಣೆಯ ಹವೆಗೆ ಮರವೂ ತಂತಿಯೂ ಹೊಂದಿಕೊಳ್ಳಬೇಕಂತೆ. ಹೊರಗಿನ ತಂಪಿನಿಂದ ಒಳಗೆ ತಂದ ಕೂಡಲೇ ಶ್ರುತಿ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಸಡಿಲುತ್ತದೆ. ಶಾಸ್ತ್ರೀಯ ಗಿಟಾರಿಗೆ ಹಿಂದೆ ಪ್ರಾಣಿಯ ಕರುಳಿನಿಂದ ಮಾಡಿದ ತಂತಿಗಳಿದ್ದವು. 1940ರ ದಶಕದಲ್ಲಿ ಅಮೆರಿಕದ ಆಲ್ಬರ್ಟ್ ಆಗಸ್ಟೀನ್ ಎಂಬವರು ನೈಲಾನ್ ತಂತಿಗಳನ್ನು ಸಿದ್ಧಪಡಿಸಿದ ಮೇಲೆ ಅವೇ ರೂಢಿಗೆ ಬಂದವು. ಹೊಸ ತಂತಿಯಾದರೆ ಅದು ಎಳೆದುಕೊಂಡು ನೆಲೆಗೊಳ್ಳಲು ಇನ್ನೂ ಕಾಲ ಬೇಕು. ನಾಟ್ಯಶಾಸ್ತ್ರದ ಪ್ರತ್ಯಾಹಾರ, ಪರಿಘಟ್ಟನಾ ಎಂಬ ಮಾತುಗಳು ನನ್ನ ನೆನಪಿಗೆ ಬಂದದ್ದು ಆಗಲೇ.

ಆ ಮೇಲೆ ಕೈಯ ಸರದಿ. ಉಗುರುಬೆಚ್ಚಗಿನ ನೀರನ್ನು ತರಿಸಿ ಕೈ ತೊಳೆದು, ಕೂಡಲೇ ಬೆರಳ ಸಂದುಗಳನ್ನೂ ಬಿಡದೆ ಒರಸಿಕೊಂಡ. ಇಷ್ಟು ಚಳಿಯಲ್ಲಿ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಡಬಾರದೆ ಎಂದು ಕೇಳಿದೆ. ಅದು ಪಿಯಾನೋ ನುಡಿಸುವವರಿಗೆ ಸರಿ, ಗಿಟಾರಿನವರಿಗೆ ಸರಿಯಲ್ಲ ಎಂಬುದು ಅವನ ಉತ್ತರ. ಎಡಗೈಯ ಬೆರಳ ತುದಿಗಳಲ್ಲಿ ವರ್ಷಗಟ್ಟಲೆ ತಂತಿಯೊತ್ತಿ ಜಡ್ಡುಗಟ್ಟಿದ ಚರ್ಮವು ನೀರಿನಲ್ಲಿ ನೆನೆದರೆ ಮೆತ್ತಗಾಗಿ ತಂತಿಯ ಹೊಡೆತವನ್ನು ತಾಳಲಾರದು. ಬಲಗೈಯ ಉಗುರು ನೆನೆದರೆ ನಾದದ ಹೊಳಪು ಹೋಗುತ್ತದೆ. ಆದುದರಿಂದ ಗಿಟಾರಿನವರು ಒಣ ಬಿಸಿಯನ್ನೇ ಬಯಸುತ್ತಾರೆ. ಕೈಗವಸು ಹಾಕಿಕೊಳ್ಳುವುದು, ಅಂಗೈಗಳನ್ನು ಉಜ್ಜುವುದು, ಕಂಕುಳಲ್ಲಿ ಕೈ ಇಟ್ಟುಕೊಳ್ಳುವುದು, ಮೈಯನ್ನೇ ಬೆಚ್ಚಗಿಡುವಂತೆ ನಾಲ್ಕು ಹೆಜ್ಜೆ ಚುರುಕಾಗಿ ನಡೆದಾಡುವುದು. ಅವನೂ ಕೋಣೆಯ ಉದ್ದಕ್ಕೆ ಹತ್ತಾರು ಬಾರಿ ನಡೆದ. ಹೆಗಲುಗಳನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿದ. ಮೊಳಕೈ, ಮಣಿಕಟ್ಟುಗಳನ್ನು ಸಾವಕಾಶವಾಗಿ ಆಡಿಸಿದ. ಮುಷ್ಟಿಯನ್ನು ಬಿಗಿಯದೆ ಮುಚ್ಚಿ ತೆರೆದ. ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಎಳೆಯಲಿಲ್ಲ, ಲಟಿಕೆ ಮುರಿಯಲಿಲ್ಲ. ತಣ್ಣಗಿರುವ ಕೈಯನ್ನು ಜಗ್ಗುವುದು ಹಿತವಲ್ಲ ಎಂದ.

ವಾದ್ಯವನ್ನು ಕೈಗೆತ್ತಿಕೊಂಡದ್ದು ಇಷ್ಟೆಲ್ಲ ಆದ ಮೇಲೆ. ಎಡಪಾದದ ಕೆಳಗೆ ಪುಟ್ಟ ಕಾಲುಮಣೆ ಇಟ್ಟು ಕುಳಿತು, ನುಣುಪಾದ ಉಪ್ಪುಕಾಗದದಿಂದ ಬಲಗೈಯ ಉಗುರುಗಳ ಅಂಚನ್ನು ತೀಡಿ, ಬಲಗೈಯೊಂದರಿಂದಲೇ ಬಿಡಿ ತಂತಿಗಳನ್ನು ಮಿಡಿಯತೊಡಗಿದ. ಶಾಸ್ತ್ರೀಯ ಗಿಟಾರಿನಲ್ಲಿ ಬಲಗೈಯ ನಾಲ್ಕು ಬೆರಳುಗಳಿಗೆ ಸ್ಪ್ಯಾನಿಷ್ ಹೆಸರುಗಳೇ ರೂಢಿಯಲ್ಲಿವೆ: ಪುಲ್ಗಾರ್, ಇಂದಿಸೆ, ಮೇದಿಯೊ, ಅನುಲಾರ್. ನಮ್ಮ ಅಂಗುಷ್ಠ, ತರ್ಜನಿ, ಮಧ್ಯಮ, ಅನಾಮಿಕಗಳೇ ಇವು. ಅವರು ಉಂಗುರದಿಂದ ಹೆಸರಿಟ್ಟ ಬೆರಳನ್ನು ನಮ್ಮವರು ಹೆಸರಿಲ್ಲದ್ದು ಎಂದು ಕರೆದದ್ದು ಭಾಷೆಗಳ ವಿನೋದ. ಕಿರುಬೆರಳಿಗೆ ಆ ಕೈಯಲ್ಲಿ ಸಾಮಾನ್ಯವಾಗಿ ಕೆಲಸವಿಲ್ಲ. ಅಂಗುಷ್ಠದಿಂದ ಅನಾಮಿಕದವರೆಗೆ, ಮತ್ತೆ ಅನಾಮಿಕದಿಂದ ಹಿಂದಕ್ಕೆ, ಒಂದೇ ತೂಕದಲ್ಲಿ, ಒಂದೇ ಅಂತರದಲ್ಲಿ ನಾದ ಬರುವ ತನಕ ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಎಡಗೈಯನ್ನು ಸೇರಿಸಿಕೊಳ್ಳುವಾಗ ಅವನು ಗಿಟಾರಿನ ಕತ್ತಿನ ತುದಿಯಿಂದ ತೊಡಗದೆ ನಡುವಿನಿಂದ ತೊಡಗಿದ. ಅದಕ್ಕೆ ಲೆಕ್ಕವಿದೆ. ವೀಣೆಯವರು ಮೆಟ್ಟಿಲೆಂದೂ ಗಿಟಾರಿನವರು ಫ್ರೆಟ್ ಎಂದೂ ಕರೆಯುವ ಲೋಹದ ಪಟ್ಟಿಗಳು ತುದಿಯ ಕಡೆಗೆ ದೂರದೂರವಾಗಿಯೂ ಒಡಲಿನ ಕಡೆಗೆ ಬಂದಂತೆ ಹತ್ತಿರವಾಗಿಯೂ ಇರುತ್ತವೆ. 650 ಮಿಲಿಮೀಟರ್ ಉದ್ದದ ತಂತಿಯ ಗಿಟಾರಿನಲ್ಲಿ ಮೊದಲ ಮನೆಯ ಅಗಲ 36 ಮಿಲಿಮೀಟರಿಗೂ ತುಸು ಹೆಚ್ಚು. ಏಳನೆಯ ಮನೆಯ ಅಗಲ ಸುಮಾರು 26 ಮಾತ್ರ. ತಣ್ಣಗಿರುವ ಬೆರಳುಗಳನ್ನು ಮೊದಲಿಗೇ ಅಗಲದ ಮನೆಗಳಿಗೆ ಚಾಚುವುದಕ್ಕಿಂತ ಕಿರಿದಾದ ಮನೆಗಳಲ್ಲಿ ನಡೆಸಿ, ಒಂದೊಂದೇ ಮನೆ ಕೆಳಗಿಳಿಸಿ, ಕೊನೆಗೆ ಮೊದಲನೆಯದಕ್ಕೆ ತರುವುದು ಯುಕ್ತ. ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದು, ಎರಡು, ಮೂರು, ನಾಲ್ಕು ಎಂಬ ಎಣಿಕೆಯಲ್ಲಿ ಆರು ತಂತಿಗಳ ಮೇಲೂ ನಡೆದ. ಮೆಟ್ರೊನೋಮ್ ಎಂಬ ತಾಳಯಂತ್ರವನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟುಕೊಂಡಿದ್ದ. ಒಂದು ಎಣಿಕೆಗೆ ಒಂದೇ ಸ್ವರ. ಬಳಿಕ ಎರಡು, ಆ ಮೇಲೆ ನಾಲ್ಕು. ನಮ್ಮ ವೀಣೆಯ ಮನೆಗಳಲ್ಲಿ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ನುಡಿಸುವುದನ್ನು ಕೇಳಿ ಬೆಳೆದವರಿಗೆ ಈ ಕ್ರಮ ಅಪರಿಚಿತವೆನಿಸದು. ಕೊನೆಗೆ ಅಂದಿನ ಕೃತಿಗಳಲ್ಲಿ ಅತ್ಯಂತ ಕಠಿನವಾದ ಭಾಗವನ್ನು ಅರ್ಧ ವೇಗದಲ್ಲಿ ಎರಡು ಸಲ ನುಡಿಸಿ, ನಿಲ್ಲಿಸಿಬಿಟ್ಟ. ಪೂರ್ತಿ ವೇಗದಲ್ಲಿ ನುಡಿಸಲಿಲ್ಲವೇಕೆ ಎಂದರೆ, "ಅದನ್ನು ಕೇಳಲು ಜನ ಹೊರಗೆ ಕುಳಿತಿದ್ದಾರೆ, ಗುರುಗಳೇ. ಇಲ್ಲಿಯೇ ಖರ್ಚು ಮಾಡಿದರೆ ಅಲ್ಲಿಗೇನು ಉಳಿಯುತ್ತದೆ?" ಎಂದು ನಕ್ಕ. ವಾದ್ಯವನ್ನು ಹಿಡಿದು ಇಷ್ಟೆಲ್ಲ ಮಾಡಲು ಅವನಿಗೆ ಹಿಡಿದ ಕಾಲ ಇಪ್ಪತ್ತು ನಿಮಿಷ.

ಇದಕ್ಕೆಲ್ಲ ಶರೀರಶಾಸ್ತ್ರದ ಆಧಾರವೇನೆಂದು ತಿಳಿಯಲು ಯತ್ನಿಸಿದೆ. ಬೆರಳುಗಳಲ್ಲಿ ಅವುಗಳನ್ನು ಮಡಿಸುವ ಸ್ನಾಯುಗಳಿಲ್ಲವೆಂಬುದೇ ಮೊದಲ ಆಶ್ಚರ್ಯ. ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಮೊಳಕೈಗೂ ಮಣಿಕಟ್ಟಿಗೂ ನಡುವಿನ ಮುಂಗೈಯಲ್ಲಿವೆ. ಸೂಕ್ಷ್ಮ ಚಲನೆಗೆ ನೆರವಾಗುವ ಸಣ್ಣ ಸ್ನಾಯುಗಳು ಅಂಗೈಯಲ್ಲಿವೆ. ಮುಂಗೈಯಿಂದ ಬೆರಳಿಗೆ ಎಳೆತವನ್ನು ಒಯ್ಯುವವು ಹುರಿಗಳಂತಿರುವ ಸ್ನಾಯುರಜ್ಜುಗಳು. ಮಣಿಕಟ್ಟಿನ ಇಕ್ಕಟ್ಟಾದ ಒಂದು ಸುರಂಗದ ಮೂಲಕ ಇಂಥ ಒಂಬತ್ತು ರಜ್ಜುಗಳೂ ಅವುಗಳೊಡನೆ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಸೂತ್ರದ ಬೊಂಬೆಯಾಟದಲ್ಲಿ ಬೊಂಬೆ ಮುಂದೆ, ಆಡಿಸುವವನು ಹಿಂದೆ ಇರುವಂತೆಯೇ ಈ ವ್ಯವಸ್ಥೆ. ಆದುದರಿಂದ ಬೆರಳ ತುದಿಯನ್ನಷ್ಟೇ ಬೆಚ್ಚಗೆ ಮಾಡಿಕೊಂಡರೆ ಸಾಲದು, ಹೆಗಲಿನಿಂದಲೇ ತೊಡಗಬೇಕು.

ಇನ್ನು ಚಳಿಯ ಪರಿಣಾಮ. ತಣ್ಣಗಾದ ಸ್ನಾಯು ನಿಧಾನವಾಗಿ ಸಂಕೋಚಗೊಳ್ಳುತ್ತದೆ, ನಿಧಾನವಾಗಿ ಸಡಿಲುತ್ತದೆ. ನರಗಳಲ್ಲಿ ಸಂದೇಶ ಹರಿಯುವ ವೇಗವೂ ಕುಗ್ಗುತ್ತದೆ. ತೋಳಿನ ನರಗಳಲ್ಲಿ ಆ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 50ರಿಂದ 60 ಮೀಟರಿನಷ್ಟು. ಕೈಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದೂವರೆಯಿಂದ ಎರಡು ಮೀಟರ್ ಕಡಿಮೆಯಾಗುತ್ತದೆ. ನಮಗೆ ನಿಮಗೆ ಇದು ಲೆಕ್ಕಕ್ಕಿಲ್ಲದ ವ್ಯತ್ಯಾಸ. ಸೆಕೆಂಡಿಗೆ ಎಂಟು ಹತ್ತು ಸ್ವರಗಳನ್ನು ಬಿಡಿಬಿಡಿಯಾಗಿ ಉದುರಿಸಬೇಕಾದವನಿಗೆ ಹಾಗಲ್ಲ.

ಚಳಿಗಿಂತಲೂ ಸೂಕ್ಷ್ಮವಾದ ಮತ್ತೊಂದು ಶತ್ರುವಿದೆ, ಅದು ಭಯ. ಸಭೆಯ ಮುಂದೆ ನಿಲ್ಲುವ ಘಳಿಗೆ ಹತ್ತಿರವಾದಂತೆ ದೇಹವು ಅಪಾಯವೊಂದನ್ನು ಎದುರಿಸಲು ಅಣಿಯಾಗುತ್ತದೆ. ಎದೆ ವೇಗವಾಗಿ ಬಡಿಯುತ್ತದೆ, ರಕ್ತವು ದೊಡ್ಡ ಸ್ನಾಯುಗಳ ಕಡೆಗೆ ಹರಿದು ಬೆರಳುಗಳ ರಕ್ತನಾಳಗಳು ಕಿರಿದಾಗುತ್ತವೆ, ಅಂಗೈ ಬೆವರುತ್ತದೆ. ಓಡುವವನಿಗೆ ಇದರಿಂದ ಉಪಕಾರ, ನುಡಿಸುವವನಿಗೆ ಅಪಕಾರ. ಬೇಸಗೆಯ ಮಧ್ಯಾಹ್ನದಲ್ಲಿಯೂ ಭಾಷಣ ಸ್ಪರ್ಧೆಯ ಹುಡುಗನ ಕೈ ಮುಟ್ಟಿದರೆ ತಣ್ಣಗಿರುವುದನ್ನು ಅಧ್ಯಾಪಕರೆಲ್ಲ ಬಲ್ಲರು. ನಿಧಾನವಾದ, ನೂರಾರು ಸಲ ಮಾಡಿ ಪರಿಚಿತವಾದ ಬೆರಳ ಚಲನೆಯು ಕೈಯನ್ನು ಬೆಚ್ಚಗಾಗಿಸುವುದರ ಜೊತೆಗೆ ಮನಸ್ಸಿಗೂ ಒಂದು ನೆಲೆಯನ್ನು ಕೊಡುತ್ತದೆ. ಆ ಕೋಣೆಯಲ್ಲಿ ಅವನ ಉಸಿರು ತೊಡಗಿದಾಗ ಹೇಗಿತ್ತು, ಮುಗಿಸಿದಾಗ ಹೇಗಿತ್ತು ಎಂಬುದನ್ನು ಸಮೀಪದಿಂದ ಕಂಡವನು ನಾನು.

ಈ ಶಿಸ್ತು ಅವನ ಸ್ವಂತ ಕಲ್ಪನೆಯಲ್ಲ. ಗಿಟಾರಿನ ಪರಂಪರೆಯಲ್ಲಿ ಆಳವಾಗಿ ಬೇರೂರಿದ್ದು. ಇಟಲಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಹೆಸರು ಮಾಡಿದ ಮೌರೊ ಜುಲಿಯಾನಿ 1812ರಲ್ಲಿ ಪ್ರಕಟಿಸಿದ ಅಭ್ಯಾಸಗ್ರಂಥದ ಮೊದಲ ಭಾಗದಲ್ಲಿ ಬಲಗೈಗೆಂದೇ 120 ಪಾಠಗಳಿವೆ. ಅವೆಲ್ಲವೂ ಎರಡೇ ಸ್ವರಮೇಳಗಳ ಮೇಲೆ ರಚಿತವಾದವು. ಎಡಗೈಗೆ ಹೆಚ್ಚು ಕೆಲಸ ಕೊಡದೆ ಬಲಗೈಯ ಬೆರಳುಗಳಿಗೆ ನೂರಿಪ್ಪತ್ತು ಬಗೆಯ ನಡಿಗೆಯನ್ನು ಕಲಿಸುವ ಜಾಣ್ಮೆ ಅಲ್ಲಿದೆ. ಇನ್ನೂರು ವರ್ಷಗಳು ಕಳೆದರೂ ವಾದಕರು ಅವನ್ನು ಬಿಟ್ಟಿಲ್ಲ. ಸ್ಪೇನಿನ ಆಂದ್ರೆಸ್ ಸೆಗೋವಿಯಾ ಗಿಟಾರಿಗೆ ಜಗತ್ತಿನ ದೊಡ್ಡ ಸಂಗೀತ ಸಭಾಂಗಣಗಳಲ್ಲಿ ಸ್ಥಾನ ದೊರಕಿಸಿಕೊಟ್ಟ ಮಹನೀಯ. ಆತ 1953ರಲ್ಲಿ ಸ್ವರಶ್ರೇಣಿಗಳ ಒಂದು ಪುಟ್ಟ ಪುಸ್ತಕವನ್ನು ಪ್ರಕಟಿಸಿ, ಕೈಯ ದೋಷಗಳನ್ನು ತಿದ್ದಲು ಅವುಗಳ ನಿತ್ಯಾಭ್ಯಾಸಕ್ಕಿಂತ ಹಿರಿದಾದ ಉಪಾಯವಿಲ್ಲವೆಂದು ಪ್ರತಿಪಾದಿಸಿದ. 1893ರಲ್ಲಿ ಜನಿಸಿ 1987ರಲ್ಲಿ ತೀರಿಕೊಂಡ ಆತ ತೊಂಬತ್ತು ದಾಟಿದ ಮೇಲೂ ಸಭೆಗಳಲ್ಲಿ ನುಡಿಸಿದ. ಸಂಗೀತದ ಮೊದಲ ಪುಸ್ತಕದ ಪಾಠವೆನಿಸುವ ಸ್ವರಶ್ರೇಣಿಯನ್ನು ಅಂಥವನೂ ಕೀಳೆಂದು ಬಗೆಯಲಿಲ್ಲ.

ಪಿಯಾನೋ ವಾದಕರಲ್ಲಿ ಕೆನಡಾದ ಗ್ಲೆನ್ ಗೂಲ್ಡ್ ನುಡಿಸುವ ಮೊದಲು ಕೈಗಳನ್ನು ಬಿಸಿನೀರಿನಲ್ಲಿ ಬಹಳ ಹೊತ್ತು ಅದ್ದಿಡುತ್ತಿದ್ದ. ಬೇಸಗೆಯಲ್ಲಿಯೂ ಕೈಗವಸು ತೊಡುತ್ತಿದ್ದ. ಜನ ಅದನ್ನು ವಿಚಿತ್ರವೆಂದು ಆಡಿಕೊಂಡರೂ ಅವನು ಬಿಡಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಜರ್ಮನಿಯ ರಾಬರ್ಟ್ ಶೂಮನ್ ತರುಣನಾಗಿದ್ದಾಗ, 1830ರ ದಶಕದ ಆರಂಭದಲ್ಲಿ, ಬಲಗೈಯ ಬೆರಳು ಕೆಟ್ಟು ಪಿಯಾನೋ ವಾದಕನಾಗುವ ಆಸೆಯನ್ನೇ ತೊರೆಯಬೇಕಾಯಿತು. ಕಾರಣದ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದ್ದರೂ, ಬೆರಳನ್ನು ಬೇಗ ಪಳಗಿಸಲು ಆತ ಒಂದು ಯಂತ್ರಸಾಧನವನ್ನು ಬಳಸಿದ್ದನೆಂಬುದು ಪ್ರಸಿದ್ಧ. ಆತ ಮಹಾನ್ ಸಂಗೀತ ರಚನಕಾರನಾದ, ನಿಜ; ಆದರೆ ಕಳೆದುಕೊಂಡ ಬೆರಳು ಮರಳಿ ಬರಲಿಲ್ಲ.

ನನ್ನ ಶಿಷ್ಯನೂ ಆ ಅಂಚಿನವರೆಗೆ ಹೋಗಿ ಬಂದವನು. ಅಂದು ಆ ಕೋಣೆಯಲ್ಲಿಯೇ ಅವನು ಅದನ್ನು ಹೇಳಿದ. 2014ರ ಚಳಿಗಾಲದಲ್ಲಿ ಯಾವುದೋ ಊರಿನ ಮದುವೆಯ ಆರತಕ್ಷತೆಗೆ ನುಡಿಸಲು ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣಮಾಡಿ ಹೋಗಿದ್ದನಂತೆ. ಬಯಲಿನಲ್ಲಿ ಹಾಕಿದ ಚಪ್ಪರದ ಪಕ್ಕದಲ್ಲಿ ಮೂರು ಗಂಟೆ ಕಾಯಿಸಿ, ಗಣ್ಯರು ಬಂದೊಡನೆ "ಹತ್ತಿ, ಹತ್ತಿ" ಎಂದು ಅವಸರಿಸಿ ವೇದಿಕೆಗೆ ಹತ್ತಿಸಿದರು. ಮೊದಲಿಗೇ ವೇಗದ ಕೃತಿ ಬೇಕೆಂಬ ಅಪೇಕ್ಷೆ. ನುಡಿಸಿದ. ಮುಗಿಯುವ ಹೊತ್ತಿಗೆ ಎಡಮಣಿಕಟ್ಟಿನಿಂದ ಮೊಳಕೈಯವರೆಗೆ ಸುಡುವಂಥ ನೋವು. ಸ್ನಾಯುರಜ್ಜುಗಳು ಊದಿಕೊಂಡಿವೆ ಎಂದು ವೈದ್ಯರು ಹೇಳಿ ವಾದ್ಯವನ್ನು ಮುಟ್ಟಬಾರದೆಂದು ವಿಧಿಸಿದರು. ಏಳು ತಿಂಗಳು ಗಿಟಾರ್ ಪೆಟ್ಟಿಗೆಯಲ್ಲಿಯೇ ಉಳಿಯಿತು. ಕಛೇರಿಗಳ ಸಂಭಾವನೆ ನಿಂತಿತು. ಪಾಠಕ್ಕೆ ಬರುತ್ತಿದ್ದ ಮಕ್ಕಳು ಬೇರೆ ಕಡೆ ಹೋದರು. "ಬಟ್ಟಲನ್ನು ಎತ್ತಿ ನೀರು ಕುಡಿಯುವಾಗಲೂ ಈ ಕೈ ನನ್ನದಲ್ಲ ಎನಿಸುತ್ತಿತ್ತು, ಗುರುಗಳೇ" ಎಂದಾಗ ಅವನ ದನಿಯಲ್ಲಿ ದೂರಿರಲಿಲ್ಲ. ಕೈಯನ್ನು ಮೊದಲೇ ಸಿದ್ಧಪಡಿಸಿಕೊಂಡವರಿಗೆ ನೋವೇ ಬರುವುದಿಲ್ಲವೆಂದು ಅವನು ವಾದಿಸಲಿಲ್ಲ. ಅತಿಯಾದ ದುಡಿಮೆ, ಕುಳಿತುಕೊಳ್ಳುವ ಭಂಗಿ, ವಿಶ್ರಾಂತಿಯ ಕೊರತೆ ಇವೂ ಕಾರಣಗಳೇ. ಆದರೆ ಕೈಗೆ ಮುಂಚಿತವಾಗಿ ತಿಳಿಸದೆ ಇನ್ನು ಮೇಲೆ ಅದರಿಂದ ಏನನ್ನೂ ಕೇಳುವುದಿಲ್ಲವೆಂದು ಆಗ ನಿಶ್ಚಯಿಸಿದನಂತೆ.

ಆ ಮಾತು ಮುಗಿಯುವ ಮುನ್ನವೇ ಬಾಗಿಲು ತಟ್ಟಿದ ಸದ್ದಾಯಿತು. ಮುಖ್ಯ ಅತಿಥಿಗಳ ವಾಹನ ದಾರಿಯಲ್ಲಿ ತಡವಾಗಿದೆ, ಸಭೆ ಸುಮ್ಮನೆ ಕುಳಿತಿದೆ, ಗಿಟಾರ್ ಈಗಲೇ ಆಗಿಹೋಗಲಿ ಎಂದು ಕಾರ್ಯಕರ್ತರು ಕರೆಯಲು ಬಂದಿದ್ದರು. ಎಡಗೈ ಆಗಷ್ಟೇ ಏಳನೆಯ ಮನೆಯಿಂದ ಐದನೆಯದಕ್ಕೆ ಇಳಿದಿತ್ತು. ಶಿಷ್ಯ ನನ್ನ ಮುಖವನ್ನು ನೋಡಿದ. ಇಲ್ಲವೆನ್ನಲು ಅವನಿಗೆ ಬಾಯಿ ಬಾರದು. ತನ್ನ ಶಾಲೆ, ತನ್ನ ಹಿರಿಯರು. ನಾನು ಎದ್ದು ಹೊರಗೆ ಬಂದು, "ಹದಿನೈದು ನಿಮಿಷ ಇವನನ್ನು ಕೇಳಬೇಡಿ, ಆ ಹೊತ್ತಿನಲ್ಲಿ ಬಹುಮಾನ ವಿತರಣೆಯನ್ನು ಮುಗಿಸಿಕೊಳ್ಳಿ" ಎಂದು ವಿನಂತಿಸಿಕೊಂಡೆ. ಅವರೂ ಸಜ್ಜನರು, ಒಪ್ಪಿದರು. ಬಹುಮಾನ ಪಡೆದ ಮಕ್ಕಳಿಗೂ ನಿದ್ದೆ ಹತ್ತುವ ಮೊದಲೇ ಪುಸ್ತಕಗಳು ಕೈಸೇರಿದವು. ಅನಂತರ ನಮ್ಮ ಹುಡುಗ ವೇದಿಕೆಯ ಮೇಲೆ ಕುಳಿತು ನುಡಿಸಿದ ಮುಕ್ಕಾಲು ಗಂಟೆಯನ್ನು ಕೇಳಿದವರು ಇನ್ನೂ ನೆನೆಯುತ್ತಾರೆ. ಮೊದಲ ಸ್ವರದಲ್ಲಿಯೇ ನಡುಕವಿರಲಿಲ್ಲ.

ಅಂದಿನಿಂದ ನನ್ನ ಪಾಠಕ್ರಮದಲ್ಲಿಯೂ ಈ ವಿಚಾರ ಬೆರೆತಿದೆ. ಚಳಿಗಾಲದ ಬೆಳಗಿನ ಪರೀಕ್ಷೆಯ ದಿನ ಮಕ್ಕಳನ್ನು ಐದು ನಿಮಿಷ ಮೊದಲೇ ಕೂರಿಸಿ, ಅಂಗೈ ಉಜ್ಜಿಸಿ, ಎರಡು ಸಾಲು ದೊಡ್ಡಕ್ಷರ ಬರೆಯಿಸಿದ ಬಳಿಕವೇ ಪ್ರಶ್ನಪತ್ರಿಕೆಯನ್ನು ಕೊಡುತ್ತೇನೆ. ಕಾವ್ಯವಾಚನಕ್ಕೆ ನಿಲ್ಲುವ ಮಗುವಿನಿಂದ ಮೊದಲು ಪದ್ಯವನ್ನು ಪದ ಬಿಡಿಸಿ, ತಗ್ಗಿದ ದನಿಯಲ್ಲಿ, ತಾಳವಿಲ್ಲದೆ ಓದಿಸುತ್ತೇನೆ. ಹೀಗೆ ಮಾಡಿದ್ದರಿಂದ ಅಂಕಗಳು ಏರಿದವೆಂದು ನಾನು ಹೇಳಲಾರೆ. ಮಕ್ಕಳ ಮುಖದ ಗಾಬರಿ ಇಳಿದುದನ್ನು ಮಾತ್ರ ಕಂಡಿದ್ದೇನೆ. ಅಧ್ಯಾಪಕನಿಗೆ ಅದು ಸಣ್ಣ ಲಾಭವಲ್ಲ.

ಇನ್ನು ದಾನಿಗಳಲ್ಲಿ ಒಂದು ಅರಿಕೆ. ತಮ್ಮ ಔದಾರ್ಯದಿಂದ ನಮಗೊಂದು ವಿಶಾಲವಾದ ರಂಗಮಂದಿರ ದೊರೆತಿದೆ. ಅದರ ವೇದಿಕೆ ದೊಡ್ಡದು, ದೀಪಗಳು ಪ್ರಖರವಾದವು. ಆದರೆ ಅದಕ್ಕೆ ನೇಪಥ್ಯಗೃಹವಿಲ್ಲ. ಪಾತ್ರ ಧರಿಸುವ ಮಕ್ಕಳು ಮೆಟ್ಟಿಲ ಬಳಿ ಗಾಳಿಯಲ್ಲಿ ನಿಲ್ಲುತ್ತಾರೆ. ತಬಲದವರು ಜೀಪಿನ ಮರೆಯಲ್ಲಿ ಕುಳಿತು ಸುತ್ತಿಗೆಯಾಡಿಸುತ್ತಾರೆ. ಗಾಳಿ ಬಾರದ, ಬಾಗಿಲಿರುವ, ನಾಲ್ಕು ಕುರ್ಚಿಗಳೂ ಬಿಸಿನೀರಿನ ಸೌಕರ್ಯವೂ ಇರುವ ಒಂದು ಕೋಣೆಯನ್ನು ವೇದಿಕೆಯ ಪಕ್ಕಕ್ಕೆ ಸೇರಿಸಿದರೆ ಸಾಕು. ಸಭಿಕರ ಕಣ್ಣಿಗೆ ಬೀಳುವ ಕೊಡುಗೆಯಲ್ಲ ಅದು. ಆದರೆ ಅಲ್ಲಿಂದ ಹೊರಟು ವೇದಿಕೆ ಹತ್ತುವ ಪ್ರತಿಯೊಬ್ಬರೂ ದಾನಿಗಳನ್ನು ನೆನೆಯುತ್ತಾರೆ. ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸುವ ಅಧ್ಯಾಪಕ ಬಂಧುಗಳಲ್ಲಿಯೂ ಬೇಡಿಕೆಯಿದೆ: ಕಲಾವಿದರ ಹೆಸರಿನ ಮುಂದೆ ಅವರು ನುಡಿಸುವ ಸಮಯವನ್ನು ಬರೆಯುವಾಗ, ಅದಕ್ಕೆ ಹಿಂದಿನ ಇಪ್ಪತ್ತು ನಿಮಿಷಗಳನ್ನೂ ಅವರದೇ ಎಂದು ಬರೆಯಿರಿ. ಅತಿಥಿಗಳು ತಡಮಾಡಲಿ, ಭಾಷಣಗಳು ಬೆಳೆಯಲಿ; ಆ ಇಪ್ಪತ್ತು ನಿಮಿಷಗಳನ್ನು ಯಾರೂ ಮುಟ್ಟದಿರಲಿ.

ನಮ್ಮ ಹಳೆಯ ವಿದ್ಯಾರ್ಥಿಗಳು ಇಂದು ನಾನಾ ವೃತ್ತಿಗಳಲ್ಲಿ ಇದ್ದಾರೆ. ಶಸ್ತ್ರಚಿಕಿತ್ಸೆ ಮಾಡುವ ಕೈಗಳಿವೆ, ಮಗ್ಗ ನಡೆಸುವ ಕೈಗಳಿವೆ, ಲೆಕ್ಕ ಬರೆಯುವ ಕೈಗಳಿವೆ. ಎಲ್ಲ ಕೈಗಳೂ ಕೆಲಸಕ್ಕೆ ಇಳಿಯುವ ಮೊದಲು ತಕ್ಕ ಬಿಡುವನ್ನೂ ಬೆಚ್ಚಗಿನ ಎಡೆಯನ್ನೂ ಪಡೆಯಲಿ. ಮುಂದಿನ ಜಾತ್ರೆಯ ಹೊತ್ತಿಗೆ ನಮ್ಮ ರಂಗಮಂದಿರದ ಪಕ್ಕದಲ್ಲಿ ಆ ಕೋಣೆಯೂ ಎದ್ದು ನಿಲ್ಲಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.